ಕುರಿಯ ಕೆಂಪು ರಕ್ತಕಣದಲ್ಲಿ ಸೋಡಿಯಂ ಎಷ್ಟಿದೆ? ಕಾಲೇಜು ಲ್ಯಾಬಿನಲ್ಲೇ ಅಳೆಯುವ ವಿಧಾನ

ಜೀವಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ. ಈ ಸಾಲನ್ನು ಜೀವಶಾಸ್ತ್ರ ಓದಿದ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಮನುಷ್ಯರ ಕೆಂಪು ರಕ್ತಕಣಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ. ಆದರೆ ಜಗಳೂರಿನ ಕಡೆಗೋ ಚಳ್ಳಕೆರೆಯ ಕಡೆಗೋ ಹೋಗಿ ಒಂದು ಹಿಂಡಿನ ಕುರಿಗಳ ರಕ್ತ ತಂದು ಅಳೆದರೆ, ಒಂದೇ ಹಟ್ಟಿಯಲ್ಲಿ ಮಲಗಿ ಒಂದೇ ಬಯಲಲ್ಲಿ ಮೇಯ್ದ ಎರಡು ಕುರಿಗಳಲ್ಲಿ ಒಂದರ ಲೆಕ್ಕ ಹೀಗೆ, ಇನ್ನೊಂದರದು ಪೂರ್ತಿ ತಿರುವುಮುರುವು ಸಿಗಬಹುದು. ಎರಡೂ ಆರೋಗ್ಯವಾಗಿಯೇ ಇರುತ್ತವೆ. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಕುರಿಗೆ ಬರವಿಲ್ಲ, ಬಳ್ಳಾರಿ ತಳಿಯ ಸೀಮೆಯೇ ಇದು. ಹಾಗಿರುವಾಗ ಪುಸ್ತಕದ ಚಿತ್ರ ನೋಡಿ ಪರೀಕ್ಷೆ ಬರೆಯುವ ಬದಲು ಕೈಯಾರೆ ಅಳೆದು ನೋಡಿ ಅನ್ನುವುದು ನನ್ನ ಒತ್ತಾಯ. ಬಿ.ಎಸ್ಸಿ. ಕೊನೆಯ ವರ್ಷದವರು, ಎಂ.ಎಸ್ಸಿ.ಯವರು, ಪಶುವೈದ್ಯಕೀಯ ಓದುವವರು ಯಾರು ಬೇಕಾದರೂ ಮಾಡಬಹುದು. ಒಂದು ಫ್ಲೇಮ್ ಫೋಟೋಮೀಟರ್ (ಜ್ವಾಲೆಯ ಬೆಳಕು ನೋಡಿ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಯಂತ್ರ), ಒಂದು ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಕಣ ಕೆಳಗೆ ಕೂರಿಸುವ ಯಂತ್ರ) ಇದ್ದರೆ ಮುಖ್ಯ ಕೆಲಸ ಆಗುತ್ತದೆ.

ಮೊದಲು ವಿಷಯ ತಿಳಿದುಕೊಳ್ಳಿ, ಇಲ್ಲದಿದ್ದರೆ ಬಂದ ಅಂಕಿಗೆ ಅರ್ಥ ಸಿಗುವುದಿಲ್ಲ. ಮನುಷ್ಯರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದಲ್ಲಿ ಕಣ ಬಿಟ್ಟು ಉಳಿದ ದ್ರವದಲ್ಲಿ, ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ, 4 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಕೆಂಪು ಕಣದ ಒಳಗೆ ಸೋಡಿಯಂ ಸುಮಾರು 10, ಪೊಟ್ಯಾಸಿಯಂ ಸುಮಾರು 100. ಹೊರಗೆ ಇಷ್ಟು ಸೋಡಿಯಂ ಇರುವುದರಿಂದ ಅದು ಪೊರೆಯ ಮೂಲಕ ಸದಾ ಒಳಗೆ ಜಿನುಗುತ್ತಲೇ ಇರುತ್ತದೆ. ಪೊರೆಯಲ್ಲಿ ಕೂತಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅದನ್ನು ಎತ್ತಿ ಹೊರಗೆ ಹಾಕುತ್ತದೆ. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ನಮ್ಮ ಕಡೆ ಬಾವಿ ತೋಡುವಾಗ ನೋಡಿರುತ್ತೀರಲ್ಲ, ಬದಿಯಿಂದ ಊಟೆ ನೀರು ಬರುತ್ತಲೇ ಇರುತ್ತದೆ, ಮೋಟರ್ ಹಚ್ಚಿ ಎತ್ತುತ್ತಲೇ ಇರುತ್ತಾರೆ, ಕರೆಂಟ್ ಹೋದರೆ ನೀರು ಏರುತ್ತದೆ. ಗುಂಡಿಯಲ್ಲಿ ಎಷ್ಟು ನೀರು ನಿಂತಿದೆ ಅನ್ನುವುದು ಊಟೆ ಎಷ್ಟು, ಮೋಟರ್ ಎಷ್ಟು ಅನ್ನುವ ಎರಡರ ಮೇಲೂ ನಿಂತಿರುತ್ತದೆ. ಕಣದೊಳಗಿನ ಸೋಡಿಯಂ ಲೆಕ್ಕವೂ ಇದೇ. ಆದ್ದರಿಂದ ಒಂದು ಕಣದಲ್ಲಿ ಸೋಡಿಯಂ ಜಾಸ್ತಿ ಕಂಡ ತಕ್ಷಣ ಪಂಪ್ ಕೆಟ್ಟಿದೆ ಅಂತ ಬರೆದುಬಿಡಬೇಡಿ, ಪಂಪ್ ಸಣ್ಣದಿರಬಹುದು, ಜಿನುಗುವಿಕೆ ದೊಡ್ಡದಿರಬಹುದು, ಎರಡೂ ಇರಬಹುದು.

ಈ ಪಂಪನ್ನು ಕಿಣ್ವವಾಗಿ ಮೊದಲು ಗುರುತಿಸಿದ್ದು ಡೆನ್ಮಾರ್ಕಿನ ಯೆನ್ಸ್ ಸ್ಕೂ, 1957ರಲ್ಲಿ, ಏಡಿಯ ನರದಲ್ಲಿ. 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಕುರಿಯ ವಿಷಯಕ್ಕೆ ಬಂದರೆ, 1950ರ ದಶಕದಲ್ಲಿ ಇವಾನ್ಸ್ ಎಂಬ ವಿಜ್ಞಾನಿ ಬ್ರಿಟನ್ನಿನ ಕುರಿ ತಳಿಗಳ ರಕ್ತ ಅಳೆದು ಎರಡು ಬಗೆಯ ಕುರಿಗಳಿವೆ ಎಂದು ತೋರಿಸಿದರು. ಕಣದಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವ ಕುರಿಗೆ ಎಚ್‌ಕೆ, ಕಡಿಮೆ ಇರುವುದಕ್ಕೆ ಎಲ್‌ಕೆ ಅನ್ನುತ್ತಾರೆ. ಎಚ್‌ಕೆ ಕುರಿಯಲ್ಲಿ ಸೋಡಿಯಂ ಕಡಿಮೆ, ಎಲ್‌ಕೆಯಲ್ಲಿ ಸೋಡಿಯಂ ಜಾಸ್ತಿ. 1960ರಲ್ಲಿ ಟೋಸ್ಟೆಸನ್ ಮತ್ತು ಹಾಫ್‌ಮನ್ ಇದೇ ಎರಡು ಬಗೆಯ ಕಣಗಳನ್ನು ಇಟ್ಟುಕೊಂಡು ಪಂಪ್ ಮತ್ತು ಜಿನುಗುವಿಕೆಯ ಲೆಕ್ಕ ಹಾಕಿದರು. ಎಲ್‌ಕೆ ಕಣದಲ್ಲಿ ಪಂಪ್ ನಿಧಾನ, ಪೊಟ್ಯಾಸಿಯಂ ಸೋರುವುದು ಜಾಸ್ತಿ ಎಂದು ಅದರಿಂದ ಗೊತ್ತಾಯಿತು. ಇಡೀ ಜಗತ್ತು ಜೀವಕೋಶದ ಗಾತ್ರ ಹೇಗೆ ಹತೋಟಿಯಲ್ಲಿರುತ್ತದೆ ಎಂದು ಕಲಿತಿದ್ದರಲ್ಲಿ ಕುರಿಯ ರಕ್ತದ ಪಾಲು ದೊಡ್ಡದು. ಇದನ್ನು ಕುರಿ ಸಾಕುವ ನಾಡಿನ ಮಕ್ಕಳು ತಿಳಿದಿರಬೇಕು.

ಇನ್ನು ಕೆಲಸಕ್ಕೆ ಬನ್ನಿ.

ಕುರಿ ಆರಿಸುವಾಗ ಕನಿಷ್ಠ ಎರಡು ಹಲ್ಲು ಹಾಕಿದ ಕುರಿಯನ್ನೇ ಆರಿಸಿ. ಕಾರಣ ಇದೆ. ಹುಟ್ಟಿದ ಮರಿಗಳ ಕಣದಲ್ಲೆಲ್ಲ ಪೊಟ್ಯಾಸಿಯಂ ಜಾಸ್ತಿಯೇ ಇರುತ್ತದೆ, ಮುಂದೆ ಎಲ್‌ಕೆ ಆಗುವ ಮರಿಯಲ್ಲೂ ಸಹ. ಮೊದಲ ಒಂದೆರಡು ತಿಂಗಳಲ್ಲಿ ಹಳೆಯ ಕಣ ಹೋಗಿ ಹೊಸದು ಬರುತ್ತಾ ನಿಜವಾದ ಬಗೆ ಹೊರಬೀಳುತ್ತದೆ. ಎಳೆ ಮರಿಯ ರಕ್ತ ತಂದು ಅಳೆದರೆ ಎಲ್ಲವೂ ಎಚ್‌ಕೆ ಅನ್ನಿಸುತ್ತದೆ. ಇನ್ನೊಂದು ಎಚ್ಚರ ರಕ್ತಹೀನತೆಯದು. ಜಂತು ಬಿದ್ದು ರಕ್ತ ಕಡಿಮೆಯಾದ ಕುರಿಯಲ್ಲಿ ಎಳೆಯ ಕಣಗಳು ಜಾಸ್ತಿ ಬಿಡುಗಡೆಯಾಗುತ್ತವೆ, ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚಿರುತ್ತದೆ. ಕುರಿಗಾಹಿಗಳು ಕಣ್ಣಿನ ರೆಪ್ಪೆ ಮಗುಚಿ ನೋಡುತ್ತಾರಲ್ಲ, ಹಾಗೇ ನೋಡಿ. ಬಿಳಿಚಿಕೊಂಡಿದ್ದರೆ ಆ ಕುರಿ ಬಿಡಿ.

ರಕ್ತ ತೆಗೆಯುವುದು ಪಶುವೈದ್ಯರ ಕೆಲಸ, ಕುತ್ತಿಗೆಯ ದೊಡ್ಡ ನಾಳದಿಂದ ತೆಗೆಯುತ್ತಾರೆ. ಕುರಿಯ ಯಜಮಾನರಿಗೆ ಯಾಕೆ ಬೇಕು ಅಂತ ಬಿಡಿಸಿ ಹೇಳಿ, ಒಪ್ಪಿದರೆ ಮಾತ್ರ ಮುಂದುವರಿಯಿರಿ, ಫಲಿತಾಂಶವನ್ನು ಅವರಿಗೂ ಹೋಗಿ ಹೇಳಿ. 5 ಮಿಲಿಲೀಟರ್ ಸಾಕು. ಮಟನ್ ಅಂಗಡಿಯ ರಕ್ತವೂ ಆಗುತ್ತದೆ, ಆದರೆ ಆ ಕುರಿಯ ವಯಸ್ಸು, ತಾಯಿ ತಂದೆ ಏನೂ ಗೊತ್ತಿರುವುದಿಲ್ಲ. ಇದ್ದಕ್ಕಿದ್ದಂತೆ ಸತ್ತು ಬಿದ್ದ ಕುರಿಯ ರಕ್ತವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಆಂಥ್ರಾಕ್ಸ್ ಇದ್ದರೆ ಪ್ರಾಣಕ್ಕೇ ಅಪಾಯ, ಅಂಥದ್ದನ್ನು ಕಂಡರೆ ಪಶು ಆಸ್ಪತ್ರೆಗೆ ತಿಳಿಸಿ ದೂರ ನಿಲ್ಲಿ. ಕೈಗವಸು ಪ್ರತಿ ಸಲವೂ ಬೇಕು.

ಟ್ಯೂಬ್ ಯಾವುದು ಅನ್ನುವುದು ಇಲ್ಲಿ ತುಂಬಾ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲಿಥಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬ್ ಕೇಳಿ ತೆಗೆದುಕೊಳ್ಳಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣವೇ ಇರುತ್ತದೆ, ಬೂದು ಮುಚ್ಚಳದಲ್ಲಿ ಸೋಡಿಯಂ ಫ್ಲೋರೈಡ್, ನೀಲಿಯಲ್ಲಿ ಸೋಡಿಯಂ ಸಿಟ್ರೇಟ್. ಅಳೆಯಬೇಕಾದ ವಸ್ತುವನ್ನು ನಾವೇ ಸುರಿದ ಹಾಗಾಗುತ್ತದೆ. ರಕ್ತ ತುಂಬಿದ ಮೇಲೆ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಲುಕಬೇಡಿ, ಕುಲುಕಿದರೆ ಕಣ ಒಡೆಯುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಬೈಕಿನ ಡಬ್ಬಿಯೊಳಗೆ ಇಟ್ಟು ತಂದರೆ ದಾವಣಗೆರೆ ಮುಟ್ಟುವಷ್ಟರಲ್ಲಿ ಮಾದರಿ ಹಾಳು. ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಹಾಕಿ, ಟ್ಯೂಬು ಐಸಿಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿಡಿ. ತಣ್ಣಗಿದ್ದಾಗ ಪಂಪ್ ನಿಧಾನ ಆಗುತ್ತದೆ, ಜಿನುಗುವುದೂ ನಿಧಾನ ಆಗುತ್ತದೆ. ಆದ್ದರಿಂದ ಕೆಲವು ಗಂಟೆ ತಡೆದುಕೊಳ್ಳುತ್ತದೆ, ಆದರೆ ಅದೇ ದಿನ ಮುಗಿಸಿ.

ತೊಳೆಯುವ ದ್ರಾವಣದಲ್ಲಿ ಸೋಡಿಯಂ ಇರಬಾರದು. ಇಲ್ಲಿ ಹೆಚ್ಚಿನವರು ಅಭ್ಯಾಸಬಲದಿಂದ ನಾರ್ಮಲ್ ಸಲೈನ್‌ಗೆ ಕೈ ಹಾಕುತ್ತಾರೆ. ಸಲೈನ್ ಅಂದರೆ ಉಪ್ಪುನೀರು ಅಲ್ವಾ, ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಅದರಲ್ಲೇ ಇದೆ. ಅದರ ಬದಲು ಮೆಗ್ನೀಶಿಯಂ ಕ್ಲೋರೈಡ್ ಬಳಸಿ. ಆರು ನೀರಿನ ಅಣು ಇರುವ ಬಗೆಯದಾದರೆ ಒಂದು ಲೀಟರಿಗೆ 22.4 ಗ್ರಾಂ, ಜೊತೆಗೆ ಪಿಎಚ್ ಹಿಡಿದಿಡುವ ಟ್ರಿಸ್ 1.2 ಗ್ರಾಂ, ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ಪಿಎಚ್ 7.4ಕ್ಕೆ ತರಲು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ. ಇಳಿದದ್ದು ಜಾಸ್ತಿಯಾದರೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಏರಿಸಬೇಡಿ, ಸ್ವಲ್ಪ ಟ್ರಿಸ್ಸನ್ನೇ ಹಾಕಿ. ಮೆಗ್ನೀಶಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ತೂಕ ತಪ್ಪುತ್ತದೆ. ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ.

ಪಾತ್ರೆಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಈ ಪ್ರಯೋಗ ಕೆಡುವುದು ಬಹುಪಾಲು ಇಲ್ಲೇ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಲವಣ ಜಾಸ್ತಿ. ಆ ನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಮೇಲೆ ಕಾಣದಷ್ಟು ಉಪ್ಪು ಉಳಿದಿರುತ್ತದೆ, ಫ್ಲೇಮ್ ಫೋಟೋಮೀಟರಿಗೆ ಅಷ್ಟೇ ಸಾಕು. ಆದಷ್ಟು ಪ್ಲಾಸ್ಟಿಕ್ ಟ್ಯೂಬ್ ಬಳಸಿ, ಸಾಮಾನ್ಯ ಗಾಜಿನಿಂದಲೇ ಸೋಡಿಯಂ ಬಿಡುತ್ತದೆ. ಎಲ್ಲವನ್ನೂ ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಜಾಲಿಸಿ. ಬೆರಳಿನ ಬೆವರಲ್ಲೂ ಸೋಡಿಯಂ ಇದೆ. ಮಧ್ಯೆ ಹೊರಗೆ ಹೋಗಿ ಖಾರ ಮಂಡಕ್ಕಿ ತಿಂದು ಬಂದರೆ ಕೈ ಚೆನ್ನಾಗಿ ತೊಳೆದು ಹೊಸ ಕೈಗವಸು ಹಾಕಿ. ಬರೀ ಡಿಸ್ಟಿಲ್ಡ್ ವಾಟರನ್ನೂ ಒಂದು ಟ್ಯೂಬಿನಲ್ಲಿ ಹಾಕಿ, ಉಳಿದವುಗಳ ಜೊತೆಗೇ ಎಲ್ಲ ಹಂತವನ್ನೂ ದಾಟಿಸಿ. ಕೊನೆಗೆ ಅದರಲ್ಲಿ ಸೋಡಿಯಂ ಕಂಡರೆ ತಪ್ಪು ಕುರಿಯದ್ದಲ್ಲ, ಪಾತ್ರೆಯದ್ದು.

ರಕ್ತವನ್ನು 3000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ. ಮೇಲಿನ ಪ್ಲಾಸ್ಮಾ ಬೇರೆ ತೆಗೆದಿಡಿ, ಅದನ್ನೂ ಅಳೆಯಬಹುದು. ಕಣಗಳ ಮೇಲೆ ಕೂತ ತೆಳು ಬಿಳಿ ಪದರವನ್ನು ಪಿಪೆಟ್ಟಿನಿಂದ ಹೀರಿ ಬಿಸಾಡಿ, ಅವು ಬಿಳಿ ರಕ್ತಕಣ. ಈಗ ತಣ್ಣನೆಯ ತೊಳೆಯುವ ದ್ರಾವಣವನ್ನು ಕಣಗಳ ಐದು ಪಟ್ಟು ಹಾಕಿ, ಮೆಲ್ಲಗೆ ಬೆರೆಸಿ, ಮತ್ತೆ ತಿರುಗಿಸಿ, ಮೇಲಿನದ್ದು ಚೆಲ್ಲಿ. ಹೀಗೆ ಮೂರರಿಂದ ನಾಲ್ಕು ಸಲ. ಕೊನೆಯ ಸಲದ ಮೇಲಿನ ನೀರನ್ನು ಚೆಲ್ಲುವ ಮೊದಲು ಸ್ವಲ್ಪ ಎತ್ತಿಟ್ಟು ಅದರ ಸೋಡಿಯಂ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಇನ್ನೊಮ್ಮೆ ತೊಳೆಯಿರಿ. ಆ ನೀರು ಕೆಂಪಾಗಿದ್ದರೆ ಕಣ ಒಡೆದಿವೆ ಎಂದರ್ಥ, ಆ ಮಾದರಿಯ ಲೆಕ್ಕ ನಂಬಬೇಡಿ.

ಗಟ್ಟಿಯಾಗಿ ಕೂತ ಕಣಗಳನ್ನು ನೇರ ಪಿಪೆಟ್ಟಿನಲ್ಲಿ ಎಳೆದರೆ ಅಂಟಿಕೊಂಡು ಅಳತೆ ತಪ್ಪುತ್ತದೆ. ಅಷ್ಟೇ ಪ್ರಮಾಣದ ತೊಳೆಯುವ ದ್ರಾವಣ ಸೇರಿಸಿ ಅರ್ಧಕ್ಕರ್ಧ ಮಾಡಿಕೊಳ್ಳಿ. ಅದರಿಂದ ಸಣ್ಣ ಕ್ಯಾಪಿಲರಿ ತುಂಬಿ ತಿರುಗಿಸಿ ಹಿಮಾಟೋಕ್ರಿಟ್, ಅಂದರೆ ಮಿಶ್ರಣದಲ್ಲಿ ಕಣಗಳ ಪಾಲು ಶೇಕಡಾ ಎಷ್ಟು ಅಂತ ನೋಡಿ. ಕುರಿಯ ಕಣ ನಮ್ಮದಕ್ಕಿಂತ ಚಿಕ್ಕದು, ಅಗಲ 5 ಮೈಕ್ರಾನ್‌ಗಿಂತ ಸ್ವಲ್ಪ ಕಡಿಮೆ. ಮೇಕೆಯದು ಇನ್ನೂ ಚಿಕ್ಕದು. ಹಾಗಾಗಿ ಮನುಷ್ಯರ ರಕ್ತಕ್ಕೆ 5 ನಿಮಿಷ ತಿರುಗಿಸುವ ಕಡೆ ಇದಕ್ಕೆ 10 ನಿಮಿಷ ಕೊಡಿ, ಮೇಕೆಗೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ 0.2 ಮಿಲಿಲೀಟರ್ ಮಿಶ್ರಣವನ್ನು 9.8 ಮಿಲಿಲೀಟರ್ ಡಿಸ್ಟಿಲ್ಡ್ ವಾಟರಿಗೆ ಹಾಕಿ. ಕಣಗಳು ನೀರು ಕುಡಿದು ಒಡೆದು ಒಳಗಿದ್ದದ್ದೆಲ್ಲ ಹೊರಗೆ ಬರುತ್ತದೆ. ಅದೇ ನಮಗೆ ಬೇಕಾದ ದ್ರಾವಣ.

ಫ್ಲೇಮ್ ಫೋಟೋಮೀಟರಿಗೆ ಸ್ಟ್ಯಾಂಡರ್ಡ್ ನೀವೇ ಮಾಡಿಕೊಳ್ಳಿ. ಒಣಗಿಸಿದ ಸೋಡಿಯಂ ಕ್ಲೋರೈಡ್ 2.542 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿದರೆ 1000 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಸೋಡಿಯಂ, ಪೊಟ್ಯಾಸಿಯಂ ಕ್ಲೋರೈಡ್ 1.907 ಗ್ರಾಂ ಕರಗಿಸಿದರೆ 1000 ಪಿಪಿಎಂ ಪೊಟ್ಯಾಸಿಯಂ. ಅದನ್ನು ತೆಳು ಮಾಡಿ 5, 10, 20, 40 ಪಿಪಿಎಂ ಮಾಡಿ. ಜ್ವಾಲೆ ನೀಲಿಯಾಗಿ ನಿಲ್ಲುವವರೆಗೆ ಕಾಯಿರಿ, ಡಿಸ್ಟಿಲ್ಡ್ ವಾಟರಿನಿಂದ ಸೊನ್ನೆ ಮಾಡಿ, ಸ್ಟ್ಯಾಂಡರ್ಡ್ ಓದಿ, ಮಾದರಿ ಓದಿ. ಪ್ರತಿ ಐದಾರು ಮಾದರಿಗೊಮ್ಮೆ ಸ್ಟ್ಯಾಂಡರ್ಡನ್ನು ಮತ್ತೆ ಓದಿ, ಗ್ಯಾಸಿನ ಒತ್ತಡ ಬದಲಾದರೆ ಅಂಕಿ ಸರಿಯುತ್ತದೆ. ಸೋಡಿಯಂ ಉರಿಯುವಾಗ ಬರುವ ಹಳದಿ ಬೆಳಕು 589 ನ್ಯಾನೊಮೀಟರ್, ಪೊಟ್ಯಾಸಿಯಂದು 766. ಎಲ್‌ಕೆ ಕುರಿಯ ಮಾದರಿ ಹೋದಾಗ ಜ್ವಾಲೆ ಹಳದಿಯಾಗುವುದನ್ನು ಕಣ್ಣಿನಲ್ಲೇ ನೋಡಬಹುದು.

ಲೆಕ್ಕ ಹೀಗೆ. ಹಿಮಾಟೋಕ್ರಿಟ್ 50 ಇದೆ, ಸೋಡಿಯಂ 18.4 ಪಿಪಿಎಂ ಓದಿದೆ ಅಂದುಕೊಳ್ಳಿ. ಸೋಡಿಯಂನ ಪರಮಾಣು ತೂಕ 23ರಿಂದ ಭಾಗಿಸಿದರೆ 0.8 ಮಿಲಿಮೋಲ್. 50 ಪಟ್ಟು ತೆಳು ಮಾಡಿದ್ದೀರಿ, ಅದರಿಂದ ಗುಣಿಸಿ, ಹಿಮಾಟೋಕ್ರಿಟ್ 0.5ರಿಂದ ಭಾಗಿಸಿ, ಒಂದು ಲೀಟರ್ ಕಣಕ್ಕೆ 80 ಮಿಲಿಮೋಲ್. ಪೊಟ್ಯಾಸಿಯಂ 4.7 ಓದಿದರೆ ಅದರ ಪರಮಾಣು ತೂಕ 39ರಿಂದ ಭಾಗಿಸಿ ಅದೇ ದಾರಿ ಹಿಡಿಯಿರಿ, ಸುಮಾರು 12 ಬರುತ್ತದೆ. ಇದು ಎಲ್‌ಕೆ ಕುರಿ. ಇನ್ನೊಂದು ಕುರಿಯಲ್ಲಿ ಸೋಡಿಯಂ 4.6, ಪೊಟ್ಯಾಸಿಯಂ 31.2 ಓದಿದರೆ ಸೋಡಿಯಂ 20, ಪೊಟ್ಯಾಸಿಯಂ 80 ಆಗುತ್ತದೆ, ಅದು ಎಚ್‌ಕೆ. ಇವು ಲೆಕ್ಕ ತೋರಿಸಲು ಕೊಟ್ಟ ಅಂಕಿಗಳು, ನಿಮ್ಮ ಕುರಿಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೂ ಕೂಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡು ಬಗೆಯಲ್ಲೂ ಮೊತ್ತ ಹೆಚ್ಚುಕಡಿಮೆ ಹತ್ತಿರವೇ ಇರುತ್ತದೆ, ಯಾಕೆಂದರೆ ಕಣದ ಗಾತ್ರ ಹಿಡಿದಿಟ್ಟಿರುವುದು ಒಳಗಿನ ಒಟ್ಟು ಲವಣ. ಒಂದರಲ್ಲಿ ಮಾತ್ರ ಮೊತ್ತ ತೀರಾ ಜಾಸ್ತಿ ಬಂದರೆ ತೊಳೆದದ್ದು ಸಾಲದು ಎಂದು ಮೊದಲು ಅನುಮಾನಿಸಿ.

ಪಂಪ್ ಕೆಲಸ ಮಾಡುವುದನ್ನೇ ನೋಡಬೇಕು ಅನ್ನುವವರಿಗೆ ಕುರಿಯ ರಕ್ತ ಒಳ್ಳೆಯದಲ್ಲ. ಎಚ್‌ಕೆ ಕುರಿಯ ಒಂದು ಕಣದಲ್ಲಿ ಕೆಲವು ಹತ್ತು ಪಂಪುಗಳಷ್ಟೇ ಇರುತ್ತವೆ, ಎಲ್‌ಕೆಯಲ್ಲಿ ಅದಕ್ಕಿಂತ ಕಡಿಮೆ. ಬದಲಾವಣೆ ತುಂಬಾ ನಿಧಾನ. ಮನುಷ್ಯರ ಕಣದಲ್ಲಿ ಕೆಲವು ನೂರು ಇರುತ್ತವೆ, ಲೀಟರ್ ಕಣದಿಂದ ಗಂಟೆಗೆ ಸುಮಾರು 3 ಮಿಲಿಮೋಲ್ ಸೋಡಿಯಂ ಹೊರಗೆ ಹೋಗುತ್ತದೆ. ಹಾಗಾಗಿ ಒಪ್ಪಿದ ಸಹಪಾಠಿಯೊಬ್ಬರಿಂದ ಲ್ಯಾಬ್ ಟೆಕ್ನಿಶಿಯನ್ ತೆಗೆದ ರಕ್ತ ಬಳಸಿ, ಮೇಷ್ಟ್ರು ಎದುರಿಗಿರಲಿ. ಲೀಟರಿಗೆ 1.8 ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಸೇರಿಸಿ, ಸ್ವಲ್ಪವನ್ನು ತಕ್ಷಣ ಅಳೆಯಿರಿ, ಉಳಿದದ್ದನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿ ಒಂದೆರಡು ದಿನ ಇಡಿ. ಮತ್ತೆ ಅಳೆದರೆ ಸೋಡಿಯಂ ಏರಿರುತ್ತದೆ, ಪೊಟ್ಯಾಸಿಯಂ ಇಳಿದಿರುತ್ತದೆ. ಈಗ ಮತ್ತೆ ಗ್ಲೂಕೋಸ್ ಕೊಟ್ಟು 37 ಡಿಗ್ರಿಯ ವಾಟರ್ ಬಾತಿನಲ್ಲಿ ಕೆಲವು ಗಂಟೆ ಇಟ್ಟರೆ ಸೋಡಿಯಂ ಇಳಿಯಲು ಶುರುವಾಗುತ್ತದೆ. ಗ್ಲೂಕೋಸ್ ಇಲ್ಲದ ಟ್ಯೂಬ್ ಒಂದನ್ನು ಪಕ್ಕದಲ್ಲಿ ಇಡಿ. ನಮ್ಮ ಕೆಂಪು ಕಣಕ್ಕೆ ಮೈಟೊಕಾಂಡ್ರಿಯ ಇಲ್ಲ, ಎಟಿಪಿ ಬರುವುದು ಗ್ಲೂಕೋಸ್ ಒಡೆದೇ, ಅದು ಮುಗಿದರೆ ಪಂಪ್ ಸೋಲುತ್ತದೆ. ರಕ್ತದ ಮಾದರಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಪೊಟ್ಯಾಸಿಯಂ ನೋಡಿದರೆ ಸುಳ್ಳು ಏರಿಕೆ ಕಾಣುವುದೂ ತಣ್ಣಗೆ ಪಂಪ್ ಸೋತು ಕಣದ ಪೊಟ್ಯಾಸಿಯಂ ಹೊರಗೆ ಜಿನುಗುವ ಕಾರಣಕ್ಕೇ. ಪಂಪನ್ನು ನಿಲ್ಲಿಸಲು ವಾಬೇನ್ ಎಂಬ ವಸ್ತು ಬಳಸುತ್ತಾರೆ. ಆಫ್ರಿಕದ ಮರಗಳಿಂದ ಬರುವ, ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಅದು. ಸುಮ್ನೆ ತರಿಸಿಕೊಂಡು ಪ್ರಯೋಗ ಮಾಡುವ ವಸ್ತುವಲ್ಲ, ತಣ್ಣಗೆ ಮಾಡುವುದರಿಂದಲೇ ನಿಮ್ಮ ಕೆಲಸ ಆಗುತ್ತದೆ.

ನಾಯಿಯ ರಕ್ತ ಸಿಕ್ಕರೆ ಖಂಡಿತ ಅಳೆಯಿರಿ. ಬೆಳೆದ ನಾಯಿಯ ಕೆಂಪು ಕಣದಲ್ಲಿ ಈ ಪಂಪೇ ಇರುವುದಿಲ್ಲ, ಎಳೆಯ ಕಣ ಬಲಿಯುವಾಗ ಕಳೆದುಹೋಗುತ್ತದೆ. ಬೆಕ್ಕಿನಲ್ಲೂ ಹಾಗೇ. ಒಳಗೆ ಸೋಡಿಯಂ ತುಂಬಿರುತ್ತದೆ, ಪೊಟ್ಯಾಸಿಯಂ ಚೂರು. ಹಾಗಾದರೆ ಕಣ ಉಬ್ಬಿ ಒಡೆಯಬೇಕಿತ್ತಲ್ಲ? ಒಡೆಯುವುದಿಲ್ಲ. ಅಲ್ಲಿ ಕ್ಯಾಲ್ಸಿಯಂ ಪಂಪ್ ಎಟಿಪಿ ಖರ್ಚು ಮಾಡಿ ಕ್ಯಾಲ್ಸಿಯಂ ಹೊರಗೆ ತಳ್ಳುತ್ತದೆ, ಆ ಕ್ಯಾಲ್ಸಿಯಂ ಇನ್ನೊಂದು ಬಾಗಿಲಿನಿಂದ ಒಳಗೆ ಬರುವಾಗ ಸೋಡಿಯಂ ವಿನಿಮಯವಾಗಿ ಹೊರಗೆ ಹೋಗುತ್ತದೆ. ಜಪಾನಿನ ಅಕಿತಾದಂಥ ತಳಿಗಳ ಕೆಲವು ನಾಯಿಗಳಲ್ಲಿ ಮಾತ್ರ ಪಂಪ್ ಉಳಿದುಕೊಂಡು ಪೊಟ್ಯಾಸಿಯಂ ಜಾಸ್ತಿ ಇರುತ್ತದೆ, ಅಂಥ ನಾಯಿಯ ರಕ್ತವನ್ನು ಹೊತ್ತು ಇಟ್ಟು ಅಳೆದರೆ ಕಣದ ಪೊಟ್ಯಾಸಿಯಂ ಸೋರಿ ಪ್ಲಾಸ್ಮಾದಲ್ಲಿ ಜಾಸ್ತಿ ಇದೆ ಅನ್ನುವ ಸುಳ್ಳು ವರದಿ ಬರುತ್ತದೆ. ಹಸುಗಳಲ್ಲಿ ಬಹುಪಾಲು ಎಲ್‌ಕೆ, ಮೇಕೆಯಲ್ಲಿ ಎರಡೂ ಬಗೆ, ಕುದುರೆ ಮತ್ತು ಹಂದಿ ಪೊಟ್ಯಾಸಿಯಂ ಜಾಸ್ತಿಯ ಗುಂಪು.

ಮುಗಿದ ಮೇಲೆ ಉಳಿದ ರಕ್ತ, ಟ್ಯೂಬು, ಪಿಪೆಟ್ ತುದಿ ಎಲ್ಲವನ್ನೂ ಬ್ಲೀಚ್ ದ್ರಾವಣದಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಆಮೇಲೆ ಕಾಲೇಜಿನ ಜೈವಿಕ ತ್ಯಾಜ್ಯದ ಡಬ್ಬಿಗೆ ಹಾಕಿ. ಸಿಂಕಿಗೆ ನೇರ ಸುರಿಯಬೇಡಿ.

ಕೈಯಲ್ಲಿ ಸಮಯ ಇದ್ದರೆ ಇದನ್ನು ತಾಯಿ, ಟಗರು, ಮರಿ ಮೂರಕ್ಕೂ ಮಾಡಿ. ಒಂದೇ ಜೀನಿನ ಎರಡು ರೂಪಗಳಿಂದ ಈ ಬಗೆ ನಿರ್ಧಾರವಾಗುತ್ತದೆ, ಎಲ್‌ಕೆ ಪ್ರಬಲ. ಅಂದರೆ ಎರಡು ಎಲ್‌ಕೆ ಕುರಿಗಳಿಗೆ ಎಚ್‌ಕೆ ಮರಿ ಹುಟ್ಟಬಹುದು, ಆದರೆ ಎರಡು ಎಚ್‌ಕೆ ಕುರಿಗಳಿಗೆ ಎಲ್‌ಕೆ ಮರಿ ಹುಟ್ಟುವುದಿಲ್ಲ. ಪ್ರತಿ ಟ್ಯೂಬಿನ ಮೇಲೆ ಕಿವಿಯ ಓಲೆ ನಂಬರ್, ವಯಸ್ಸು, ರಕ್ತ ತೆಗೆದ ಹೊತ್ತು ಬರೆಯಿರಿ. ತಾಯಿಯೂ ಟಗರೂ ಎಚ್‌ಕೆ ಇದ್ದು, ಆರು ತಿಂಗಳು ದಾಟಿದ ಮರಿ ಎಲ್‌ಕೆ ಬಂದರೆ ಟ್ಯೂಬು ಅದಲುಬದಲಾಗಿದೆಯೇ ಎಂದು ಮೊದಲು ನೋಡಿ, ಮತ್ತೊಮ್ಮೆ ರಕ್ತ ತಂದು ಅಳೆಯಿರಿ. ಆಗಲೂ ಅದೇ ಬಂದರೆ ಕುರಿಗಾಹಿಯನ್ನು ಕೇಳಿ, ಆ ಹೊತ್ತಿಗೆ ಮೇಯಲು ಹೋದ ಕಡೆ ಪಕ್ಕದ ಹಿಂಡಿನ ಟಗರು ಸೇರಿತ್ತೇ ಎಂದು. ಅವರಿಗೆ ನೆನಪಿರುತ್ತದೆ.